ಅಂದು ಅಕ್ರಮ, ಇಂದು ಸಂಬಳ: ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಒಳಲೆಕ್ಕ

1987ರ ಫೆಬ್ರುವರಿ 25ರಂದು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆ ಒಂದು ಅಪರೂಪದ ತೀರ್ಪು ನೀಡಿತು. ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಆ ವರ್ಷ ಒಂದೇ ಒಂದು ಪಂದ್ಯವನ್ನೂ ಆಡಕೂಡದು ಎಂಬುದೇ ಆ ತೀರ್ಪು. ಪತ್ರಿಕೆಗಳು ಇದನ್ನು ‘ಮರಣದಂಡನೆ’ ಎಂದು ಕರೆದವು. ಸಾಬೀತಾದ ತಪ್ಪು ಇಷ್ಟು: 13 ಆಟಗಾರರಿಗೆ ತಿಂಗಳಿಗೆ 50ರಿಂದ 725 ಡಾಲರ್‌ವರೆಗೆ, ಒಟ್ಟು ಸುಮಾರು 61 ಸಾವಿರ ಡಾಲರ್, ಒಬ್ಬ ಶ್ರೀಮಂತ ಬೆಂಬಲಿಗನ ಗುಪ್ತನಿಧಿಯಿಂದ ಸಂದಾಯವಾಗಿತ್ತು. 2025ರ ಜುಲೈ 1ರಿಂದ ಇದೇ ವಿಶ್ವವಿದ್ಯಾಲಯವೂ ಸೇರಿದಂತೆ ಅಮೆರಿಕದ ದೊಡ್ಡ ಕಾಲೇಜುಗಳೆಲ್ಲ ತಮ್ಮ ಕ್ರೀಡಾಪಟುಗಳಿಗೆ ಎಲ್ಲರಿಗೂ ಸೇರಿ, ಒಂದೊಂದು ಕಾಲೇಜಿಗೆ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ತಾವೇ, ನೇರವಾಗಿ, ಲೆಕ್ಕಪತ್ರ ಸಹಿತ ಹಣ ಕೊಡಬಹುದಾಗಿದೆ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ಅಂದಿನ ಅಪರಾಧ ಅಪರಾಧವೇ ಆಗಿರಲಿಲ್ಲ ಎಂದುಬಿಡುವುದು ಸುಲಭ. ಅಮೆರಿಕದ ಎಷ್ಟೋ ಕ್ರೀಡಾ ಅಂಕಣಕಾರರು ಈಗ ಹಾಗೆಯೇ ಬರೆಯುತ್ತಿದ್ದಾರೆ. ನನಗೆ ಆ ತೀರ್ಮಾನ ಅರ್ಧ ಮಾತ್ರ ಒಪ್ಪಿಗೆ. ‘ನಿಯಮಭಂಗ’ ಎಂಬ ಒಂದೇ ಮಾತಿನಡಿ ಆಟಗಾರನಿಗೆ ಹಣ ಕೊಡುವುದು, ತನಿಖೆಗೆ ಸುಳ್ಳು ಹೇಳುವುದು, ಓದಿಸದೆಯೇ ಅಂಕ ಕೊಡುವುದು ಎಂಬ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಈ ಮೂರರಲ್ಲಿ ಯಾವುದು ಅತಿ ಕಡಿಮೆ ಹಾನಿಕರವೋ ಅದನ್ನೇ ಎನ್‌ಸಿಎಎ ಅತಿ ಕಟುವಾಗಿ ಬೆನ್ನಟ್ಟಿತು. ಈಗ ಆ ಒಂದನ್ನು ಕಾನೂನುಬದ್ಧಗೊಳಿಸಿದ್ದರಿಂದ ಉಳಿದೆರಡು ಮಾಯವಾಗಿವೆ ಎಂದುಕೊಳ್ಳಲು ಕಾರಣವಿಲ್ಲ.

ಇಲ್ಲಿ ಹೇಳುತ್ತಿರುವುದು ನಾವು ಕಾಲ್ಚೆಂಡು ಎನ್ನುವ ಆಟದ ವಿಷಯವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಹೆಲ್ಮೆಟ್ ತೊಟ್ಟು, ಎದುರಾಳಿಯ ಮೇಲೆ ಮೈಯೊಡ್ಡಿ ನುಗ್ಗುವ ಅಮೆರಿಕನ್ ಫುಟ್‌ಬಾಲ್‌ನ ವಿಷಯ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಸನಗಳಿವೆ. ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದ ನಮ್ಮ ಹುಡುಗ ಹುಡುಗಿಯರು ಮೊದಲ ಶರತ್ಕಾಲದ ಶನಿವಾರ ಕಂಡು ಬೆರಗಾಗುವುದು ಇದನ್ನೇ. ಊರಿನ ರಸ್ತೆಗಳೆಲ್ಲ ಜಾತ್ರೆಯ ದಿನದಂತೆ ತುಂಬಿರುತ್ತವೆ, ಆದರೆ ಮೈದಾನದಲ್ಲಿ ಆಡುವವರು ಕಾಲೇಜು ವಿದ್ಯಾರ್ಥಿಗಳು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್, ಹೈಸ್ಕೂಲು ಮುಗಿಸಿ ಮೂರು ವರ್ಷ ಕಳೆಯದವರನ್ನು ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ಹದಿನೆಂಟರ ಪ್ರತಿಭಾವಂತ ಹುಡುಗನಿಗೆ ಕಾಲೇಜನ್ನು ಹಾಯದೆ ಬೇರೆ ದಾರಿಯೇ ಇಲ್ಲ. ಆ ಹುಡುಗನಿಗಾಗಿ ನೂರಕ್ಕೂ ಹೆಚ್ಚು ಕಾಲೇಜುಗಳು ಪೈಪೋಟಿ ನಡೆಸುತ್ತವೆ. ಎಲ್ಲರೂ ಕೊಡಬಹುದಾದ ಬೆಲೆಯನ್ನು ನಿಯಮವೇ ನಿಗದಿ ಮಾಡಿಟ್ಟಿತ್ತು: ಶಿಕ್ಷಣ ಶುಲ್ಕ, ಊಟ, ವಸತಿ, ಪುಸ್ತಕ. ಕೊಳ್ಳುವವರು ಹಲವರು, ಬೆಲೆ ಒಂದೇ ಎಂದಾದಾಗ ವ್ಯಾಪಾರ ಕತ್ತಲಲ್ಲಿ ಕುದುರುತ್ತದೆ.

ಕಾಲೇಜು ಕ್ರೀಡೆ ಒಂದು ಕಾಲದಲ್ಲಿ ಶುದ್ಧವಾಗಿತ್ತು, ಆಮೇಲೆ ಹಣ ಬಂದು ಕೆಡಿಸಿತು ಎಂಬ ಕಥೆಯೂ ನಿಜವಲ್ಲ. ಅಮೆರಿಕದ ಮೊದಲ ಅಂತರಕಾಲೇಜು ಸ್ಪರ್ಧೆ 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವೆ ನಡೆದ ದೋಣಿ ಓಟ. ಅದರ ಖರ್ಚು ಹೊತ್ತದ್ದು ಪ್ರಯಾಣಿಕರನ್ನು ಸೆಳೆಯಬೇಕೆಂದಿದ್ದ ಒಂದು ರೈಲ್ವೆ ಕಂಪನಿ. 1929ರ ಅಕ್ಟೋಬರ್‌ನಲ್ಲಿ ಕಾರ್ನೆಗಿ ಪ್ರತಿಷ್ಠಾನ ಹೊರತಂದ ವರದಿ 112 ಕಾಲೇಜುಗಳನ್ನು ಪರಿಶೀಲಿಸಿ, ಅವುಗಳಲ್ಲಿ 81 ಕಾಲೇಜುಗಳು ಆಟಗಾರರಿಗೆ ಒಂದಲ್ಲ ಒಂದು ಬಗೆಯ ಆಮಿಷ ಒಡ್ಡುತ್ತಿದ್ದವೆಂದು ದಾಖಲಿಸಿತು. 1948ರಲ್ಲಿ ಎನ್‌ಸಿಎಎ ಈ ಎಲ್ಲಕ್ಕೂ ಕಡಿವಾಣ ಹಾಕಲು ‘ಸ್ಯಾನಿಟಿ ಕೋಡ್’ ಎಂಬ ಸಂಹಿತೆ ತಂದಿತು. ಎರಡು ವರ್ಷದ ಬಳಿಕ ಅದನ್ನು ಮುರಿದ ಏಳು ಸಂಸ್ಥೆಗಳನ್ನು ಉಚ್ಚಾಟಿಸುವ ಪ್ರಸ್ತಾಪಕ್ಕೆ ಬೇಕಾದ ಮೂರನೇ ಎರಡರಷ್ಟು ಮತ ಬೀಳಲಿಲ್ಲ. ಮುಂದಿನ ವರ್ಷವೇ ಆ ಸಂಹಿತೆಯನ್ನು ಕೈಬಿಡಲಾಯಿತು. ಮತ ಹಾಕಿದವರೂ ಸಂಹಿತೆಯ ಕಟ್ಟಿಗೆ ಒಳಪಟ್ಟವರೇ ಅಲ್ಲವೇ!

1951ರಲ್ಲಿ ಸಂಸ್ಥೆಯ ಮೊದಲ ಪೂರ್ಣಾವಧಿ ಕಾರ್ಯನಿರ್ವಾಹಕರಾಗಿ ಬಂದ ವಾಲ್ಟರ್ ಬೈಯರ್ಸ್ ಈ ಪಾಠವನ್ನು ಚೆನ್ನಾಗಿ ಕಲಿತಿದ್ದರು. ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡುಪದ ಹುಟ್ಟಿದ್ದು ಅವರ ಕಾಲದಲ್ಲಿ. ಆ ಪದಕ್ಕೆ ಆದರ್ಶಕ್ಕಿಂತ ಹೆಚ್ಚಾಗಿ ಕೋರ್ಟಿನ ಹಿನ್ನೆಲೆಯಿದೆ. 1955ರಲ್ಲಿ ಕೊಲರಾಡೊ ರಾಜ್ಯದ ಒಂದು ಕಾಲೇಜು ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಆಟಗಾರನೊಬ್ಬ ಸತ್ತಾಗ, ಆತನ ಹೆಂಡತಿ ಕಾರ್ಮಿಕ ಪರಿಹಾರ ಕೇಳಿ ಮೊಕದ್ದಮೆ ಹೂಡಿದರು. ಫುಟ್‌ಬಾಲ್ ಆಡುವುದು ಕಾಲೇಜಿನ ಕೆಲಸವೇ, ಆಡುವವನು ಕಾಲೇಜಿನ ನೌಕರನೇ ಎಂಬುದು ಪ್ರಶ್ನೆಯಾಗಿತ್ತು. ಅಲ್ಲ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ಹೇಳಿತು. ನೌಕರನಲ್ಲ, ವಿದ್ಯಾರ್ಥಿ ಎಂದು ಎಲ್ಲ ಕಾಗದಪತ್ರಗಳಲ್ಲೂ ಬರೆದಿಟ್ಟರೆ ಇಂಥ ದಾವೆಗಳಿಂದ ಪಾರಾಗಬಹುದು. ಅದೇ ವಿದ್ಯಾರ್ಥಿಯ ನಾಲ್ಕು ವರ್ಷಗಳ ವಿದ್ಯಾರ್ಥಿವೇತನವನ್ನು 1973ರಲ್ಲಿ ವರ್ಷ ವರ್ಷ ನವೀಕರಿಸುವಂತೆ ಬದಲಾಯಿಸಿದಾಗ, ಅದನ್ನು ಮುಂದುವರಿಸುವ ಬಿಡುವ ಅಧಿಕಾರ ಕೋಚ್‌ಗಳ ಕೈ ಸೇರಿತು. ನೌಕರಿಯ ಹಂಗೆಲ್ಲ ಇದೆ, ನೌಕರನ ಹಕ್ಕು ಮಾತ್ರ ಇಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಈ ವ್ಯವಸ್ಥೆಯನ್ನು ನಡೆಸಿದ ಬೈಯರ್ಸ್, ನಿವೃತ್ತಿಯ ನಂತರ ಇದರ ಕಟು ಟೀಕಾಕಾರರಾದರು.

ಡಲ್ಲಾಸಿನ ಪ್ರಕರಣವನ್ನು ಬಿಡಿಸಿ ನೋಡುವುದು ಉಪಯುಕ್ತ, ಏಕೆಂದರೆ ಮುಂದಿನ ನಾಲ್ಕು ದಶಕಗಳ ಎಲ್ಲ ಗೊಂದಲಗಳೂ ಅದರಲ್ಲಿವೆ. ಸದರ್ನ್ ಮೆಥಡಿಸ್ಟ್ ಒಂದು ಖಾಸಗಿ ವಿಶ್ವವಿದ್ಯಾಲಯ. ಎದುರಾಳಿಗಳು ಟೆಕ್ಸಾಸ್, ಟೆಕ್ಸಾಸ್ ಎ ಅಂಡ್ ಎಂ ಮುಂತಾದ ಬೃಹತ್ ಸರ್ಕಾರಿ ಸಂಸ್ಥೆಗಳು. ಎಣ್ಣೆ ಮತ್ತು ಜಮೀನಿನ ವ್ಯವಹಾರದಲ್ಲಿ ಕೊಬ್ಬಿದ್ದ ಡಲ್ಲಾಸಿನ ಹಣವಂತರಿಗೆ ಶನಿವಾರದ ಸೋಲು ಸೋಮವಾರದ ಕಚೇರಿಯಲ್ಲಿ ಅವಮಾನವಾಗುತ್ತಿತ್ತು. ಎರಿಕ್ ಡಿಕರ್ಸನ್ ಮತ್ತು ಕ್ರೇಗ್ ಜೇಮ್ಸ್ ಜೋಡಿಯ ತಂಡ 1982ರಲ್ಲಿ ಒಂದೂ ಪಂದ್ಯ ಸೋಲದೆ ಋತು ಮುಗಿಸಿತು. ಅದು ಸೇರಿದ್ದ ಒಕ್ಕೂಟದ (ತಮ್ಮತಮ್ಮಲ್ಲಿ ಆಡಿಕೊಳ್ಳುವ ಕಾಲೇಜುಗಳ ಗುಂಪಿನ) ಹಲವು ಕಾಲೇಜುಗಳು ಆ ದಶಕದಲ್ಲಿ ಒಂದಲ್ಲ ಒಂದು ತಪ್ಪಿಗೆ ದಂಡನೆಗೆ ಒಳಗಾದವು. ಆದ್ದರಿಂದ ಹಣ ಕೊಟ್ಟದ್ದು ಇದೊಂದೇ ಸಂಸ್ಥೆ ಎಂದು ಯಾರೂ ನಂಬಿರಲಿಲ್ಲ.

‘ಮರಣದಂಡನೆ’ಗೂ ಮೊದಲು, 1985ರಲ್ಲಿ ಇಂಥದೇ ತಪ್ಪಿಗೆ ಶಿಕ್ಷೆಯಾದಾಗ, ವಿಶ್ವವಿದ್ಯಾಲಯ ಇನ್ನು ಮುಂದೆ ಹೀಗಾಗದು ಎಂದು ಮಾತು ಕೊಟ್ಟಿತು. ನಿಜವಾಗಿ ನಡೆದದ್ದೇ ಬೇರೆ. ಈಗಾಗಲೇ ಮಾತು ಕೊಟ್ಟಿರುವ ಆಟಗಾರರಿಗೆ ಅವರು ಕಾಲೇಜು ಮುಗಿಸುವವರೆಗೂ ಹಣ ಕೊಡುತ್ತಲೇ ಇರುವುದು, ಹೊಸಬರಿಗೆ ಕೊಡದಿರುವುದು ಎಂದು ಒಳಗೊಳಗೇ ನಿರ್ಧಾರವಾಯಿತು. ನಡುವೆ ನಿಲ್ಲಿಸಿದರೆ ಹುಡುಗರು ಬಾಯಿ ಬಿಟ್ಟಾರು ಎಂಬ ಭಯವಿತ್ತು. ಆ ನಿರ್ಧಾರದಲ್ಲಿ ಪಾಲುದಾರರಾಗಿದ್ದವರು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷ ಬಿಲ್ ಕ್ಲೆಮೆಂಟ್ಸ್. ಅವರು ಅದಕ್ಕೂ ಹಿಂದೆ ಟೆಕ್ಸಾಸಿನ ಗವರ್ನರ್ ಆಗಿದ್ದವರು, 1987ರ ಜನವರಿಯಲ್ಲಿ ಮತ್ತೆ ಗವರ್ನರ್ ಆದವರು. ಮಾಜಿ ಆಟಗಾರನೊಬ್ಬ 1986ರ ನವೆಂಬರ್‌ನಲ್ಲಿ ಸ್ಥಳೀಯ ಟಿವಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ದಂಡನೆ ಹೊರಬಿದ್ದ ಕೆಲವೇ ದಿನಗಳಲ್ಲಿ, ಹಣ ಮುಂದುವರಿಸಲು ತಾವೂ ಒಪ್ಪಿದ್ದಾಗಿ ಗವರ್ನರರೇ ಬಹಿರಂಗವಾಗಿ ಒಪ್ಪಿಕೊಂಡರು.

ಇಲ್ಲಿ ಅಪರಾಧ ಯಾವುದು? ಇಪ್ಪತ್ತರ ಹರೆಯದ ಹುಡುಗನೊಬ್ಬನಿಗೆ ತಿಂಗಳಿಗೆ ಕೆಲವು ನೂರು ಡಾಲರ್ ಸಿಕ್ಕಿದ್ದನ್ನು ಇಂದು ಯಾರೂ ಪಾಪ ಎನ್ನಲಾರರು. ತುಂಬಿದ ಕ್ರೀಡಾಂಗಣದ ಟಿಕೆಟ್ ಹಣದ ಮುಂದೆ ಅದು ಚಿಲ್ಲರೆ. ಆದರೆ ಒಂದು ಧಾರ್ಮಿಕ ಪಂಥದ ಹೆಸರು ಹೊತ್ತ ವಿಶ್ವವಿದ್ಯಾಲಯದ ಅತ್ಯುನ್ನತ ಸ್ಥಾನದಲ್ಲಿದ್ದವರು ಕೂತು ಸುಳ್ಳಿನ ವೇಳಾಪಟ್ಟಿ ಸಿದ್ಧಪಡಿಸಿದ್ದು ಯಾವ ಕಾಲದಲ್ಲೂ ತಪ್ಪೇ. ಬೆಲೆ ತೆತ್ತವರು ಮಾತ್ರ ಬೇರೆಯವರು. ಎನ್‌ಸಿಎಎ 1987ರ ಋತುವನ್ನು ರದ್ದುಪಡಿಸಿತು. 1988ರಲ್ಲಿ ಆಡಲು ತಂಡ ಕಟ್ಟಲಾಗದೆ ವಿಶ್ವವಿದ್ಯಾಲಯವೇ ಕೈಚೆಲ್ಲಿತು. 1989ರಲ್ಲಿ ಹೊಸ ಹುಡುಗರನ್ನು ಕಟ್ಟಿಕೊಂಡು ಮರಳಿದ ತಂಡ ಹ್ಯೂಸ್ಟನ್ ಎದುರು 95–21ರಿಂದ ಸೋತಿತು. ಆ ಮೈದಾನದಲ್ಲಿ ಪೆಟ್ಟು ತಿಂದವರಲ್ಲಿ ಹೆಚ್ಚಿನವರು, ಗುಪ್ತನಿಧಿ ನಡೆಯುತ್ತಿದ್ದಾಗ ಇನ್ನೂ ಹೈಸ್ಕೂಲಿನಲ್ಲಿದ್ದರು. ಋತುವಿನ ಕೊನೆಯ ಗೌರವದ ಪಂದ್ಯವಾದ ‘ಬೌಲ್’ ಪಂದ್ಯಕ್ಕೆ ಆ ತಂಡ ಮತ್ತೆ ಅರ್ಹತೆ ಪಡೆದದ್ದು 2009ರಲ್ಲಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ದಂಡಸಂಹಿತೆಗೆ ಸರಿಯಾಗಿ ಒಪ್ಪುತ್ತದೆ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಾರೆ ರೆಜಿ ಬುಷ್ 2005ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್ಮನ್ ಪ್ರಶಸ್ತಿ ಗೆದ್ದವರು. ಮುಂದೆ ಅವರ ಏಜೆಂಟರಾಗಬೇಕೆಂದು ಹವಣಿಸುತ್ತಿದ್ದವರು ಅವರ ಕುಟುಂಬಕ್ಕೆ ಸ್ಯಾನ್ ಡಿಯಾಗೊ ಬಳಿ ಮನೆ ಮುಂತಾದ ಸವಲತ್ತು ಒದಗಿಸಿದ್ದರು ಎಂಬುದು ಪ್ರಕರಣ. ತೀರ್ಪು ಬಂದದ್ದು 2010ರ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಬುಷ್ ವೃತ್ತಿಪರ ಆಟಗಾರರಾಗಿ ನಾಲ್ಕು ವರ್ಷ ಕಳೆದಿದ್ದರು. ಕೋಚ್ ಪೀಟ್ ಕ್ಯಾರಲ್ ಅದೇ ವರ್ಷದ ಆರಂಭದಲ್ಲಿ ಸಿಯಾಟಲ್‌ನ ವೃತ್ತಿಪರ ತಂಡಕ್ಕೆ ಹೋಗಿಯಾಗಿತ್ತು. ಎರಡು ವರ್ಷ ಬೌಲ್ ಪಂದ್ಯಗಳಿಂದ ನಿಷೇಧ, ಮೂರು ವರ್ಷಗಳಲ್ಲಿ 30 ವಿದ್ಯಾರ್ಥಿವೇತನಗಳ ಕಡಿತ ಇವೆಲ್ಲ ಹೊಸಬರ ತಲೆಯ ಮೇಲೆ ಬಿದ್ದವು. ಆ ವರ್ಷವೇ ಬುಷ್ ಪ್ರಶಸ್ತಿಯನ್ನು ಬಿಟ್ಟುಕೊಟ್ಟರು. 2024ರ ಏಪ್ರಿಲ್‌ನಲ್ಲಿ, ಕಾಲ ಬದಲಾಗಿದೆ ಎಂಬ ಕಾರಣಕ್ಕೆ, ಅದನ್ನು ಅವರಿಗೆ ಮರಳಿಸಲಾಯಿತು. ದಂಡನೆಯ ಭಾಗವಾಗಿ ದಾಖಲೆಯಿಂದ ಅಳಿಸಿಹಾಕಿದ್ದ ತಂಡದ ಗೆಲುವುಗಳನ್ನು ಮಾತ್ರ ಮರಳಿಸಲಿಲ್ಲ.

ಒಹಾಯೊ ಸ್ಟೇಟ್‌ನ ಪ್ರಕರಣ ಇನ್ನೂ ವಿಚಿತ್ರ. ಅಲ್ಲಿನ ಆಟಗಾರರು 2010ರಲ್ಲಿ ಸಿಕ್ಕಿಬಿದ್ದದ್ದು ತಮ್ಮದೇ ಉಂಗುರ, ಜೆರ್ಸಿ, ಪದಕಗಳನ್ನು ಮಾರಿ ಹಣ ಮತ್ತು ಹಚ್ಚೆಯ ರಿಯಾಯಿತಿ ಪಡೆದದ್ದಕ್ಕೆ. ಕಾಲೇಜಿನ ಅಂಗಡಿಯಲ್ಲಿ ಅದೇ ಆಟಗಾರರ ಸಂಖ್ಯೆಯ ಜೆರ್ಸಿಯನ್ನು ವಿಶ್ವವಿದ್ಯಾಲಯ ಧಾರಾಳವಾಗಿ ಮಾರಬಹುದಿತ್ತು. ಜಾರ್ಜಿಯಾದ ಎ.ಜೆ. ಗ್ರೀನ್ ತಾನು ಪಂದ್ಯದಲ್ಲಿ ತೊಟ್ಟ ಜೆರ್ಸಿಯೊಂದನ್ನು ಸಾವಿರ ಡಾಲರಿಗೆ ಮಾರಿದ್ದಕ್ಕೆ ಅದೇ ವರ್ಷ ನಾಲ್ಕು ಪಂದ್ಯಗಳಿಂದ ಹೊರಗುಳಿಯಬೇಕಾಯಿತು. ಒಹಾಯೊದಲ್ಲಿ ನಿಜವಾದ ತಪ್ಪು ಮಾಡಿದವರು ಕೋಚ್ ಜಿಮ್ ಟ್ರೆಸೆಲ್. ತಿಂಗಳುಗಳ ಮೊದಲೇ ಇ-ಮೇಲ್ ಮೂಲಕ ವಿಷಯ ತಿಳಿದಿದ್ದರೂ ಅವರು ಬಾಯಿ ಬಿಡಲಿಲ್ಲ, ಏನೂ ಗೊತ್ತಿಲ್ಲವೆಂದು ಸಹಿ ಹಾಕಿದರು. 2011ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2012ರಲ್ಲಿ ಹೊಸ ಕೋಚ್ ಅರ್ಬನ್ ಮಾಯರ್ ಅವರ ತಂಡ ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದು, ಹಿಂದಿನವರ ತಪ್ಪಿನ ದಂಡನೆಯಿಂದಾಗಿ ಪ್ರಶಸ್ತಿಗೆ ಹೋರಾಡಲಾಗದೆ ಮನೆಯಲ್ಲೇ ಉಳಿಯಿತು. ಟ್ರೆಸೆಲ್ ಮುಂದೆ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. 2025ರಿಂದ ಅವರು ಒಹಾಯೊ ರಾಜ್ಯದ ಲೆಫ್ಟಿನೆಂಟ್ ಗವರ್ನರ್.

ನಿಯಮಪುಸ್ತಕದ ಸೂಕ್ಷ್ಮತೆಯ ಬಗ್ಗೆ ಒಂದು ಮಾತು. ಕೆಲವು ವರ್ಷ ಹಿಂದಿನವರೆಗೆ ಕಾಲೇಜು ತನ್ನ ಆಟಗಾರನಿಗೆ ಊಟದ ಹೊತ್ತಲ್ಲದ ಹೊತ್ತಿನಲ್ಲಿ ಹಣ್ಣು, ಬೀಜ, ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡು ಕೊಡಬಹುದಿತ್ತು. ಆ ಬ್ರೆಡ್ಡಿಗೆ ಕ್ರೀಮ್ ಚೀಸ್ ಸವರಿ ಕೊಟ್ಟರೆ ಅದು ತಿಂಡಿಯ ಬದಲು ಊಟವಾಗಿ, ನಿಯಮಭಂಗವಾಗುತ್ತಿತ್ತು. ತಾನು ಎಷ್ಟೋ ರಾತ್ರಿ ಹಸಿದು ಮಲಗುತ್ತೇನೆಂದು ಕನೆಕ್ಟಿಕಟ್‌ನ ಬ್ಯಾಸ್ಕೆಟ್‌ಬಾಲ್ ತಾರೆ ಶಬಾಜ್ ನೇಪಿಯರ್ 2014ರಲ್ಲಿ ಹೇಳಿದ ಬೆನ್ನಲ್ಲೇ ಊಟದ ಮಿತಿಯನ್ನು ತೆಗೆದುಹಾಕಲಾಯಿತು.

ಬ್ರೆಡ್ಡಿನ ಮೇಲಿನ ಲೇಪವನ್ನೂ ಬಿಡದ ಇದೇ ಸಂಸ್ಥೆ ಪಾಠದ ವಿಷಯದಲ್ಲಿ ಏನು ಮಾಡಿತು ಎಂಬುದಕ್ಕೆ ನಾರ್ತ್ ಕ್ಯಾರಲೈನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಆವರಣ ಸಾಕ್ಷಿ. ಅಲ್ಲಿನ ಒಂದು ವಿಭಾಗದಲ್ಲಿ ಸುಮಾರು 18 ವರ್ಷಗಳ ಕಾಲ ಹೆಸರಿಗೆ ಮಾತ್ರ ಇದ್ದ ತರಗತಿಗಳು ನಡೆದವು. ಪಾಠವಿರಲಿಲ್ಲ, ಅಧ್ಯಾಪಕರ ಮುಖ ಕಾಣಬೇಕಾಗಿರಲಿಲ್ಲ. ಒಂದು ಪ್ರಬಂಧ ಬರೆದುಕೊಟ್ಟರೆ ಸಾಕು, ಅದನ್ನು ಸರಿಯಾಗಿ ಓದದೆಯೇ ಒಳ್ಳೆಯ ಅಂಕ ಬೀಳುತ್ತಿತ್ತು. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇದರ ಫಲಾನುಭವಿಗಳೆಂದೂ, ಆ ದಾಖಲಾತಿಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಕ್ರೀಡಾಪಟುಗಳದ್ದೆಂದೂ 2014ರಲ್ಲಿ ಬಂದ ಸ್ವತಂತ್ರ ತನಿಖಾ ವರದಿ ಹೇಳಿತು. 2017ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ ಸಮಿತಿ ನೀಡಿದ ನಿರ್ಣಯವೆಂದರೆ, ಈ ತರಗತಿಗಳು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದರಿಂದ ಇದನ್ನು ಕ್ರೀಡಾಪಟುಗಳಿಗೆ ಕೊಟ್ಟ ‘ವಿಶೇಷ ಸವಲತ್ತು’ ಎನ್ನಲಾಗದು, ಆದ್ದರಿಂದ ದಂಡಿಸಲಾಗದು. ಅದೇ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು, ಕೆಲವು ಆಟಗಾರರು ಏಜೆಂಟರಿಂದ ಹಣ ಪಡೆದ ಪ್ರಕರಣದಲ್ಲಿ, 2012ರಲ್ಲಿ ಬೌಲ್ ಪಂದ್ಯದಿಂದ ಹೊರಗಿಡಲಾಗಿತ್ತು.

ನನಗೆ ಈ ಇಡೀ ವಿಷಯದ ಗಂಟು ಇರುವುದು ಇಲ್ಲೇ ಎನಿಸುತ್ತದೆ. ಹಣ ಕೊಡಬಾರದು ಏಕೆ ಎಂಬ ಪ್ರಶ್ನೆಗೆ ಎನ್‌ಸಿಎಎ ದಶಕಗಳ ಕಾಲ ಕೊಟ್ಟ ಉತ್ತರ, ಆಟಗಾರನಿಗೆ ನಾವು ಶಿಕ್ಷಣ ಕೊಡುತ್ತಿದ್ದೇವೆ, ಅದೇ ಅವನ ಪ್ರತಿಫಲ ಎಂಬುದು. ಆ ಪ್ರತಿಫಲವೇ ಖೋಟಾ ನಾಣ್ಯವೆಂದು ಸಾಬೀತಾದ ದಿನ, ಅದನ್ನು ಪರೀಕ್ಷಿಸುವುದು ನಮ್ಮ ಕೆಲಸವಲ್ಲ ಎಂದು ಸಂಸ್ಥೆ ಕೈತೊಳೆದುಕೊಂಡಿತು. ದೊಡ್ಡ ತಂಡಗಳಲ್ಲಿ ಕಪ್ಪು ಜನಾಂಗದ ಯುವಕರ ಪ್ರಮಾಣ ಅದೇ ಕಾಲೇಜುಗಳ ಒಟ್ಟು ವಿದ್ಯಾರ್ಥಿಗಳಲ್ಲಿ ಅವರಿಗಿರುವ ಪಾಲಿಗಿಂತ ಎಷ್ಟೋ ಹೆಚ್ಚು ಎಂಬುದನ್ನು ನೆನೆದರೆ, ಈ ನಷ್ಟ ಯಾರ ಪಾಲಿಗೆ ಬಂತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತನಿಖೆ ನಡೆಸುವ ಶಕ್ತಿಯ ಕೊರತೆಯೂ ಇತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಎನ್‌ಸಿಎಎ ಒಂದು ಖಾಸಗಿ ಸದಸ್ಯ ಸಂಘ. ಪೊಲೀಸರಂತೆ ಯಾರನ್ನೂ ಕರೆಸಿ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವ ಅಧಿಕಾರ ಅದಕ್ಕಿಲ್ಲ. ಮಯಾಮಿ ವಿಶ್ವವಿದ್ಯಾಲಯದ ಬೆಂಬಲಿಗ ನೆವಿನ್ ಶಪೀರೊ 93 ಕೋಟಿ ಡಾಲರಿನ ವಂಚನೆ ಯೋಜನೆ ನಡೆಸಿ ಜೈಲು ಸೇರಿದ ಮೇಲೆ, ಎಂಟು ವರ್ಷಗಳಲ್ಲಿ 72 ಕ್ರೀಡಾಪಟುಗಳಿಗೆ ಹಣ, ವಿಹಾರನೌಕೆಯ ಔತಣ ಇತ್ಯಾದಿ ಒದಗಿಸಿದ್ದಾಗಿ 2011ರಲ್ಲಿ ಬಾಯಿಬಿಟ್ಟ. ಸಾಕ್ಷಿಗಳನ್ನು ಮಾತನಾಡಿಸಲು ದಾರಿ ಕಾಣದ ಎನ್‌ಸಿಎಎ, ಆತನ ದಿವಾಳಿ ಪ್ರಕರಣದ ವಕೀಲರಿಗೇ ಹಣ ಕೊಟ್ಟು, ಆ ಮೊಕದ್ದಮೆಯ ವಿಚಾರಣೆಯಲ್ಲಿ ತನ್ನ ಪ್ರಶ್ನೆಗಳನ್ನು ಕೇಳಿಸಿತು. ಅದು ಬಯಲಾದಾಗ ನಿಯಮಭಂಗದ ತನಿಖೆಯೇ ನಿಯಮಭಂಗವಾಗಿ, ತನ್ನವರ ನಡತೆಯ ಬಗ್ಗೆಯೇ ಅದು ತನಿಖೆ ಮಾಡಿಸಬೇಕಾಯಿತು. ಮಯಾಮಿ ಕೊನೆಗೆ ಕಳೆದುಕೊಂಡದ್ದು ಮೂರು ವರ್ಷಗಳಲ್ಲಿ ಒಂಬತ್ತು ಫುಟ್‌ಬಾಲ್ ವಿದ್ಯಾರ್ಥಿವೇತನಗಳನ್ನು.

ಈ ಎಲ್ಲದರ ಬೆನ್ನ ಹಿಂದೆ ಹಣದ ಪ್ರವಾಹ ಏರುತ್ತಲೇ ಇತ್ತು. ಟಿವಿ ಪ್ರಸಾರದ ಹಕ್ಕನ್ನು ಎನ್‌ಸಿಎಎ ಒಂದೇ ಕೈಯಲ್ಲಿ ಹಿಡಿದಿಟ್ಟುಕೊಳ್ಳುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ ಒಕ್ಕೂಟಗಳು ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು. ಈಗ ಋತುವಿನ ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ರಾಷ್ಟ್ರೀಯ ಪ್ಲೇಆಫ್ ಪಂದ್ಯಗಳಿಗಷ್ಟೇ ಇಎಸ್‌ಪಿಎನ್ ಟಿವಿ ಜಾಲ ಆರು ವರ್ಷಕ್ಕೆ 780 ಕೋಟಿ ಡಾಲರ್ ತೆರಲು ಒಪ್ಪಿದೆ. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೊ ಫಿಷರ್ ಅವರನ್ನು ಕೆಲಸದಿಂದ ತೆಗೆದಾಗ, ಉಳಿದ ಕರಾರಿನ ಬಾಬ್ತು ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಮಿಗಿಲು. ಕೆಲಸ ಮಾಡದಿರುವುದಕ್ಕೆ ಕೋಚ್‌ಗೆ ಇಷ್ಟು ಕೊಡುವ ವ್ಯವಸ್ಥೆ, ಕೆಲಸ ಮಾಡುವ ಆಟಗಾರನಿಗೆ ಕೊಡಲು ಹಣವಿಲ್ಲ ಎಂದರೆ ಯಾವ ನ್ಯಾಯಾಧೀಶರು ನಂಬುತ್ತಾರೆ?

ನಂಬಲಿಲ್ಲ. 2021ರ ಜೂನ್ 21ರಂದು ಆಲ್ಸ್‌ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಪ್ರಕರಣ ಶಿಕ್ಷಣಕ್ಕೆ ಸಂಬಂಧಿಸಿದ ಸವಲತ್ತುಗಳ ಮಿತಿಗಷ್ಟೇ ಸೀಮಿತವಾಗಿತ್ತಾದರೂ, ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಕ್ಯಾವನಾ, ಈ ಸಂಸ್ಥೆ ಕಾನೂನಿಗಿಂತ ಮೇಲಲ್ಲ ಎಂದು ನೇರವಾಗಿ ಹೇಳಿದರು. ಹತ್ತು ದಿನದೊಳಗೆ, ಜುಲೈ 1ರಂದು, ಆಟಗಾರರು ತಮ್ಮ ಹೆಸರು, ಚಿತ್ರ, ಛಾಪುಗಳನ್ನು ಜಾಹೀರಾತಿಗೆ ಬಳಸಿ ಹಣ ಗಳಿಸಬಹುದೆಂಬ ಎನ್‌ಐಎಲ್ ಯುಗ ಆರಂಭವಾಯಿತು. ಕ್ಯಾಲಿಫೋರ್ನಿಯಾ 2019ರಲ್ಲೇ ಇದಕ್ಕಾಗಿ ಶಾಸನ ಮಾಡಿ ದಾರಿ ತೋರಿತ್ತು.

ಕಾಗದದ ಮೇಲೆ ಇದು ಜಾಹೀರಾತಿನ ಹಣ; ಕಾಲೇಜು ಕೊಡುವುದಲ್ಲ, ಕಾಲೇಜು ಸೇರಲು ಆಮಿಷವೂ ಅಲ್ಲ. ವಾಸ್ತವದಲ್ಲಿ, ಹಿಂದೆ ಕತ್ತಲಲ್ಲಿ ಲಕೋಟೆ ಹಂಚುತ್ತಿದ್ದ ಶ್ರೀಮಂತ ಬೆಂಬಲಿಗರು ‘ಕಲೆಕ್ಟಿವ್’ ಎಂಬ ಹೆಸರಿನ ಕೂಟಗಳನ್ನು ನೋಂದಾಯಿಸಿಕೊಂಡು ಬ್ಯಾಂಕಿನ ಮೂಲಕವೇ ಹಣ ಹಂಚತೊಡಗಿದರು. ಟೆನ್ನೆಸಿ ವಿಶ್ವವಿದ್ಯಾಲಯದಲ್ಲಿ ಈ ಹಳೆಯ ಮತ್ತು ಹೊಸ ಕಾಲಗಳು ಮುಖಾಮುಖಿಯಾದವು. ಕೋಚ್ ಜೆರೆಮಿ ಪ್ರೂಯಿಟ್ ಅವಧಿಯಲ್ಲಿ ಆಟಗಾರರಿಗೂ ಅವರ ಕುಟುಂಬಗಳಿಗೂ ಸುಮಾರು 60 ಸಾವಿರ ಡಾಲರ್ ಮೌಲ್ಯದ ನಗದು ಮತ್ತು ಸವಲತ್ತು ಸಂದಿದ್ದಕ್ಕೆ, 200ಕ್ಕೂ ಹೆಚ್ಚು ಬಿಡಿ ಉಲ್ಲಂಘನೆಗಳನ್ನು ಎಣಿಸಿ, 2023ರ ಜುಲೈನಲ್ಲಿ 80 ಲಕ್ಷ ಡಾಲರ್ ದಂಡ ವಿಧಿಸಲಾಯಿತು. ತಪ್ಪು ಮಾಡದ ಆಟಗಾರರನ್ನು ಶಿಕ್ಷಿಸಬಾರದು ಎಂಬ ಹೊಸ ನೀತಿಗೆ ಅನುಗುಣವಾಗಿ ಬೌಲ್ ನಿಷೇಧ ಹಾಕಲಿಲ್ಲ. ಇದು ಒಪ್ಪತಕ್ಕ ಬದಲಾವಣೆ. ಆದರೆ ಆರು ತಿಂಗಳ ಬಳಿಕ ಅದೇ ವಿಶ್ವವಿದ್ಯಾಲಯದ ಬೆಂಬಲಿಗರ ಕೂಟದ ವ್ಯವಹಾರಗಳ ಬಗ್ಗೆ ಎನ್‌ಸಿಎಎ ತನಿಖೆಗಿಳಿದಾಗ, ಟೆನ್ನೆಸಿ ಮತ್ತು ವರ್ಜೀನಿಯಾ ರಾಜ್ಯಗಳ ಅಟಾರ್ನಿ ಜನರಲ್‌ಗಳು ಕೋರ್ಟಿಗೆ ಹೋದರು. 2024ರ ಫೆಬ್ರುವರಿ 23ರಂದು ಫೆಡರಲ್ ನ್ಯಾಯಾಧೀಶರು ತಡೆಯಾಜ್ಞೆ ನೀಡಿದರು. ಎನ್‌ಸಿಎಎ ಆ ಬಗೆಯ ತನಿಖೆಗಳನ್ನೇ ನಿಲ್ಲಿಸಿತು.

ಆಮೇಲಿನ ವ್ಯವಸ್ಥೆ, ಹೌಸ್ ಎಂಬ ಕ್ರೀಡಾಪಟು ಎನ್‌ಸಿಎಎ ವಿರುದ್ಧ ಹೂಡಿದ ಪ್ರಕರಣದ ರಾಜಿ ಒಪ್ಪಂದದಿಂದ ಬಂದದ್ದು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅದಕ್ಕೆ ಅಂತಿಮ ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ, ಈಗಿನವರಿಗೆ ಕಾಲೇಜಿನಿಂದಲೇ ಆದಾಯದ ಪಾಲು, ಆ ಪಾಲಿಗೆ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರಿನ ಗರಿಷ್ಠ ಮಿತಿ. ಮೇಲ್ವಿಚಾರಣೆಗೆ ದೊಡ್ಡ ಒಕ್ಕೂಟಗಳು ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಎಂಬ ಹೊಸ ಸಂಸ್ಥೆ ಕಟ್ಟಿದವು. ಹೊರಗಿನವರೊಂದಿಗೆ 600 ಡಾಲರಿಗೆ ಮೀರಿದ ಯಾವುದೇ ಒಪ್ಪಂದವನ್ನು ಆಟಗಾರ ಅಲ್ಲಿ ದಾಖಲಿಸಬೇಕು. ಅದು ನಿಜವಾದ ವ್ಯಾಪಾರವೇ, ಹಣ ಮಾರುಕಟ್ಟೆಯ ದರಕ್ಕೆ ತಕ್ಕದ್ದೇ ಎಂದು ಪರೀಕ್ಷೆಯಾಗುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದ ವಿದೇಶಿ ಕ್ರೀಡಾಪಟುಗಳಿಗೆ ಮಾತ್ರ, ದುಡಿಮೆಯ ಮೇಲೆ ಆ ವೀಸಾ ಹೇರುವ ನಿರ್ಬಂಧಗಳಿಂದಾಗಿ, ಈ ಹಣ ಮುಟ್ಟುವುದೇ ತೊಡಕು. ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯ ಲೆಕ್ಕ ಹಾಕಿ ಕೆಲಸ ಮಾಡಿದ ನಮ್ಮವರಿಗೆ ಈ ಸಂಕಟ ಬೇಗ ಅರ್ಥವಾದೀತು.

ಮಿತಿ ಎಲ್ಲಿದೆಯೋ ಅಲ್ಲಿ ಅದನ್ನು ದಾಟುವವರೂ ಇದ್ದಾರೆ. ಹಿಂದೆ ಮಿತಿ ಸೊನ್ನೆಯಾಗಿತ್ತು, ಈಗ ಎರಡು ಕೋಟಿ. ಪೈಪೋಟಿಯ ಒತ್ತಡ ಒಂದಿನಿತೂ ಕಡಿಮೆಯಾಗಿಲ್ಲ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರ ಆಟ ಇದು. ಕಾಲೇಜಿನ ಜೆರ್ಸಿ ಪ್ರಾಯೋಜಕರು, ಜಾಹೀರಾತು ಹಕ್ಕು ಕೊಂಡ ಕಂಪನಿಗಳು ಇವರ ಮೂಲಕ ಆಟಗಾರನಿಗೆ ಇಂತಿಷ್ಟು ಕೊಡಿಸಿ, ಆ ಹಣವನ್ನು ಕಾಲೇಜಿನ ಮಿತಿಯ ಲೆಕ್ಕದಿಂದ ಹೊರಗಿಡಲು ನೋಡುವುದು ಒಂದು ದಾರಿ. ಬೆಂಬಲಿಗರ ಕೂಟಗಳ ಒಪ್ಪಂದಗಳು ನಿಜವಾದ ವ್ಯಾಪಾರವಲ್ಲ ಎಂದು ಹೊಸ ಕಮಿಷನ್ 2025ರ ಜುಲೈನಲ್ಲಿ ಹೇಳಿ, ಆಟಗಾರರ ಪರ ವಕೀಲರು ಆಕ್ಷೇಪಿಸಿದಾಗ ಕೆಲವೇ ವಾರಗಳಲ್ಲಿ ಹಿಂದೆ ಸರಿಯಿತು. ಹಣವಲ್ಲದ ಉಲ್ಲಂಘನೆಗಳೂ ಮುಂದುವರಿದಿವೆ: ಎದುರಾಳಿ ಕೋಚ್‌ಗಳು ತಮ್ಮ ಆಟಗಾರರಿಗೆ ತೋರುವ ಗುಟ್ಟಿನ ಸಂಕೇತಗಳನ್ನು ಕದಿಯಲು ಅವರ ಪಂದ್ಯಗಳಿಗೆ ಜನ ಕಳಿಸಿದ ಪ್ರಕರಣದಲ್ಲಿ ಮಿಷಿಗನ್‌ಗೆ 2025ರ ಆಗಸ್ಟ್‌ನಲ್ಲಿ ಕೋಟಿಗಟ್ಟಲೆ ಡಾಲರ್ ದಂಡ ಬಿತ್ತು, 2023ರ ರಾಷ್ಟ್ರೀಯ ಪ್ರಶಸ್ತಿ ಮಾತ್ರ ಅದರ ಬಳಿಯೇ ಉಳಿಯಿತು. ಹತ್ತು ವರ್ಷ ಕಾಲೇಜು ಕೋಚ್ ಆಗದಂತೆ ನಿರ್ಬಂಧಕ್ಕೆ ಒಳಗಾದ, ಮಿಷಿಗನ್‌ನ ಹಿಂದಿನ ಕೋಚ್ ಜಿಮ್ ಹಾರ್ಬಾ ಆಗಲೇ ಲಾಸ್ ಏಂಜಲೀಸ್‌ನ ವೃತ್ತಿಪರ ತಂಡದ ಕೋಚ್ ಆಗಿದ್ದರು.

ಸದರ್ನ್ ಮೆಥಡಿಸ್ಟ್ 2024ರಲ್ಲಿ ಒಂದು ದೊಡ್ಡ ಒಕ್ಕೂಟಕ್ಕೆ ಸೇರಿತು. ಒಂಬತ್ತು ವರ್ಷಗಳ ಟಿವಿ ಹಣದ ಪಾಲನ್ನು ಬಿಟ್ಟುಕೊಡುವ ಷರತ್ತಿಗೆ ಅದು ಒಪ್ಪಲು ಸಾಧ್ಯವಾದದ್ದು ಆ ಖೋತಾ ತುಂಬಿಕೊಡಲು ಡಲ್ಲಾಸಿನ ಧನಿಕ ದಾನಿಗಳು ಸಿದ್ಧರಿದ್ದುದರಿಂದ. ಮೊದಲ ವರ್ಷವೇ ಅದರ ತಂಡ ಹನ್ನೆರಡು ತಂಡಗಳ ರಾಷ್ಟ್ರೀಯ ಪ್ಲೇಆಫ್ ತಲುಪಿತು. ಇತ್ತ ಹೊಸ ಕಮಿಷನ್, ತನ್ನ ದಂಡನೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವುದಿಲ್ಲವೆಂಬ ಮುಚ್ಚಳಿಕೆಗೆ ಎಲ್ಲ ಕಾಲೇಜುಗಳ ಸಹಿ ಕೇಳಿತು. ಅದಿಲ್ಲದಿದ್ದರೆ ಅದರ ಗತಿಯೂ ಟೆನ್ನೆಸಿಯಲ್ಲಿ ಎನ್‌ಸಿಎಎಗೆ ಆದದ್ದೇ. 2025ರ ನವೆಂಬರ್‌ನಲ್ಲಿ ಟೆಕ್ಸಾಸಿನ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್, ತಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಅದಕ್ಕೆ ಸಹಿ ಹಾಕಬಾರದೆಂದು ಬಹಿರಂಗವಾಗಿಯೇ ತಿಳಿಸಿದರು.